ಸಾಂಟಿಯಾಗೋ ನಗರದ ಒಂದು ಭಿತ್ತಿಚಿತ್ರ

ದೇವಾಲಯದ ಭಿತ್ತಿಯಲ್ಲಿಯೂ ಅರಮನೆಯ ಭಿತ್ತಿಯಲ್ಲಿಯೂ ಚಿತ್ರ ಬರೆದವರಿಗೆ ಲೋಕದಲ್ಲಿ ಮನ್ನಣೆಯುಂಟು. ಪುರಸಭೆಯ ಈಜುಕೊಳದ ಗೋಡೆಯಲ್ಲಿ ಬರೆದುದಕ್ಕೂ ಆ ಮನ್ನಣೆ ಸಲ್ಲುವುದೇ? ಚಿಲಿ ದೇಶದ ರಾಜಧಾನಿಯಾದ ಸಾಂಟಿಯಾಗೋವಿನ ಲಾ ಗ್ರಾಂಹಾ ಎಂಬ ಶ್ರಮಜೀವಿಗಳ ಪ್ರದೇಶದಲ್ಲಿರುವ ‘ಚಿಲಿಯ ಜನತೆಯ ಮೊದಲ ಗೋಲು’ ಎಂಬ ಚಿತ್ರವು ಈ ಪ್ರಶ್ನೆಯನ್ನು ಸಹೃದಯರ ಮುಂದಿಡುತ್ತದೆ.

ಇದರ ಕರ್ತೃ ರೊಬೆರ್ತೊ ಮಾತ್ತಾ (1911–2002), ಪ್ಯಾರಿಸಿನ ಅತಿವಾಸ್ತವವಾದಿಗಳ ನಡುವೆ ಕೀರ್ತಿವಂತನಾದವನು. 1970ರ ಚುನಾವಣೆಯಲ್ಲಿ ಸಾಲ್ವಡೋರ್ ಅಯೆಂದೆಯು ಜಯಶಾಲಿಯಾಗಿ ಅಧ್ಯಕ್ಷನಾದ ಮರುವರ್ಷ, ಆತನು ‘ರಮೋನಾ ಪಾರ್ರಾ ಬ್ರಿಗೇಡ್’ ಎಂಬ ಕಮ್ಯೂನಿಸ್ಟ್ ತರುಣರ ಕೂಟದೊಡನೆ ಈ ಚಿತ್ರವನ್ನು ರಚಿಸಿದನು. 1946ರಲ್ಲಿ ಸಾಂಟಿಯಾಗೋವಿನ ಜನಸಭೆಯೊಂದರಲ್ಲಿ ಗುಂಡಿಗೆ ಬಲಿಯಾದ ತರುಣಿಯ ಹೆಸರೇ ಆ ಕೂಟದ ಹೆಸರು. ಒಬ್ಬನು ರೇಖೆಯನ್ನೆಳೆಯುವನು, ಮತ್ತೊಬ್ಬನು ಬಣ್ಣ ತುಂಬುವನು. ದಪ್ಪನೆಯ ಕಪ್ಪು ಅಂಚು, ಅಚ್ಚ ವರ್ಣ, ಅವಸರದ ಕೈ: ಇವು ಅವರ ಬೀದಿಯ ವಿದ್ಯೆ.

ಕೃತಿಯು ನಿರ್ದೋಷವಲ್ಲ. ಸರಕಾರದ ಮೊದಲ ವರ್ಷವನ್ನು ಕಾಲ್ಚೆಂಡಾಟದ ಗೆಲುವಾಗಿ ರೂಪಿಸಿರುವುದರಿಂದ, ಆ ಪ್ರಸಂಗವನ್ನರಿಯದವನಿಗೆ ಅದರ ಅರ್ಥ ಒಡನೆಯೇ ಹೊಳೆಯದು. ಪಕ್ಷವೊಂದರ ಜಯಘೋಷಕ್ಕೆ ಆಯುಸ್ಸು ಅಲ್ಪ. ಆದರೆ ಮಾತ್ತಾ ಇಲ್ಲಿ ವೀರರಸವನ್ನು ಬಿಟ್ಟು ಹಾಸ್ಯವನ್ನು ಹಿಡಿದಿರುವುದೇ ಚಿತ್ರವನ್ನು ಉಳಿಸಿದೆ. ಸುಮಾರು 24 ಮೀಟರು ಉದ್ದದ ಗೋಡೆಯ ಮೇಲೆ ವಿಚಿತ್ರಾಕಾರದ ವ್ಯಕ್ತಿಗಳು ಮಕ್ಕಳ ಆಟದಂತೆ ವಿಹರಿಸುತ್ತವೆ. ವೀರವು ಗೆದ್ದವರ ಸೊತ್ತು. ನಗು ಸೋತವರಿಗೂ ಒದಗುತ್ತದೆ. ಇನ್ನೂ ಮೆಚ್ಚತಕ್ಕ ಸಂಗತಿಯೆಂದರೆ, ಜಗದ್ವಿಖ್ಯಾತನಾದ ಕಲಾವಿದನು ತನ್ನ ಸೂಕ್ಷ್ಮ ಶೈಲಿಯನ್ನು ಬದಿಗಿಟ್ಟು ಹುಡುಗರ ದಪ್ಪ ರೇಖೆಗೆ ಒಪ್ಪಿ ನಡೆದುದು. ಗುರುವು ಶಿಷ್ಯವೃತ್ತಿಯನ್ನು ಕೈಕೊಂಡ ಈ ಔಚಿತ್ಯವು ಅಪೂರ್ವವಾದುದು.

1973ರ ಸೆಪ್ಟೆಂಬರಿನಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡಿತು. ಆ ಆಳ್ವಿಕೆಯಲ್ಲಿ ಚಿತ್ರದ ಮೇಲೆ 16 ಲೇಪ ಬಣ್ಣ ಬಳಿಯಲಾಯಿತು. ಪ್ರಜಾಪ್ರಭುತ್ವವು ಮರಳಿ ವರ್ಷಗಳಾದ ಮೇಲೆ, 2005ರಿಂದ 2008ರವರೆಗೆ, ಆ ಪೊರೆಗಳನ್ನು ತೆಗೆದು ಚಿತ್ರವನ್ನು ಹೊರತಂದರು. ಅದನ್ನು ಕಾಣಲು ಮಾತ್ತಾ ಬದುಕಿರಲಿಲ್ಲ.

ಪೀಡೆಗೊಳಗಾದ ಕೃತಿಯೆಲ್ಲವೂ ಶ್ರೇಷ್ಠವೆನ್ನಲಾಗದು. ಮರುಕವನ್ನು ರಸವೆಂದು ಎಣಿಸುವುದು ವಿಮರ್ಶೆಯ ದೋಷ. ಆದುದರಿಂದ 16 ಲೇಪಗಳ ಕಥೆಯನ್ನು ಮರೆತೇ ಈ ಚಿತ್ರವನ್ನು ನೋಡತಕ್ಕುದು. ಹಾಗೆ ನೋಡಿದಾಗಲೂ ಅದರ ನಗು ಮಾಸುವುದಿಲ್ಲ. ಗೆದ್ದ ಸರಕಾರವು ಅಳಿಯಿತು, ಅಳಿಸಿದ ಸರಕಾರವೂ ಅಳಿಯಿತು. ಕೊಳದ ಗೋಡೆಗೆಂದು ಬರೆದ ಆಟವು ಇನ್ನೂ ನಡೆದಿದೆ.