ಚುರುಕು ವಿಧಾನವೆಂದರೆ ಅವಸರದ ವಿಧಾನವೇ?

ತಂತ್ರಾಂಶ ಉದ್ಯಮದಲ್ಲಿ ಕೆಲಸ ಹುಡುಕುವ ವಿದ್ಯಾರ್ಥಿಗಳಿಗೆ 'ಅಜೈಲ್' ಎಂಬ ಪದ ಹೊಸತಲ್ಲ. ಉದ್ಯೋಗದ ಜಾಹೀರಾತಿನಲ್ಲಿ, ಸಂದರ್ಶನದಲ್ಲಿ, ಗಣಕ ವಿಜ್ಞಾನದ ಪಠ್ಯದಲ್ಲಿ ಅದು ಬಂದೇ ಬರುತ್ತದೆ. ಕನ್ನಡದಲ್ಲಿ ಅದನ್ನು 'ಚುರುಕು ವಿಧಾನ' ಎನ್ನಬಹುದು. ಪರೀಕ್ಷೆಯಲ್ಲಿ ಈ ಬಗ್ಗೆ ಪ್ರಶ್ನೆ ಬಂದರೆ ಹಲವರು ಎರಡು ಅಂಕಣಗಳ ಕೋಷ್ಟಕ ಬರೆದು ಮುಗಿಸುತ್ತಾರೆ. ಎಡಗಡೆ ಹಳೆಯ 'ಜಲಪಾತ ಮಾದರಿ': ಯೋಜನೆ ಇದೆ, ದಾಖಲೆ ಇದೆ, ನಿಧಾನ. ಬಲಗಡೆ 'ಅಜೈಲ್': ಯೋಜನೆ ಇಲ್ಲ, ದಾಖಲೆ ಇಲ್ಲ, ವೇಗ. ಈ ಉತ್ತರಕ್ಕೆ ಅಂಕವೂ ಸಿಗುತ್ತದೆ. ಆದರೆ ಕೋಷ್ಟಕದ ಹೆಚ್ಚಿನ ಸಾಲುಗಳು ತಪ್ಪು. ಅವೇ ತಪ್ಪುಗಳನ್ನು ಕಚೇರಿಗಳಲ್ಲಿ ಆಚರಣೆಗೆ ತಂದಾಗ ಹಣ ವ್ಯರ್ಥವಾಗುತ್ತದೆ, ಪ್ರೋಗ್ರಾಮರುಗಳು ಬಳಲುತ್ತಾರೆ, ಬಳಕೆದಾರರಿಗೆ ಕೆಟ್ಟ ತಂತ್ರಾಂಶ ಸಿಗುತ್ತದೆ. ಆದ್ದರಿಂದ ಈ ತಪ್ಪು ಕಲ್ಪನೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯ.

ಹೆಸರು ಬಂದ ಬಗೆ

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಂತ್ರಾಂಶ ತಜ್ಞರು ಸೇರಿದರು. ಕೆಂಟ್ ಬೆಕ್, ವಾರ್ಡ್ ಕನಿಂಗ್‌ಹ್ಯಾಮ್, ಮಾರ್ಟಿನ್ ಫೌಲರ್, ಕೆನ್ ಶ್ವೇಬರ್, ಜೆಫ್ ಸದರ್‌ಲ್ಯಾಂಡ್ ಮೊದಲಾದವರು ಅವರಲ್ಲಿದ್ದರು. 'ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್', 'ಸ್ಕ್ರಮ್', 'ಕ್ರಿಸ್ಟಲ್' ಮುಂತಾದ ವಿಧಾನಗಳನ್ನು ಇವರು ಅದಕ್ಕೆ ಮೊದಲೇ ಬಳಸುತ್ತಿದ್ದರು. ಆಗ ಇವನ್ನೆಲ್ಲ ಒಟ್ಟಾಗಿ 'ಹಗುರ ವಿಧಾನಗಳು' ಎಂದು ಕರೆಯುವ ರೂಢಿ ಇತ್ತು. ಆ ಹೆಸರು ಅವರಿಗೆ ಒಪ್ಪಿಗೆಯಾಗಲಿಲ್ಲ. 'ಅಜೈಲ್' ಎಂಬ ಹೊಸ ಹೆಸರು ಆರಿಸಿ, ನಾಲ್ಕು ಆದ್ಯತೆಗಳ ಒಂದು ಪುಟ್ಟ ಪ್ರಣಾಳಿಕೆಯನ್ನೂ ಅದರ ಹಿಂದಿರುವ 12 ತತ್ವಗಳನ್ನೂ ಪ್ರಕಟಿಸಿದರು.

ಪ್ರಣಾಳಿಕೆಯ ಸಾರ ಇಷ್ಟು: ನಿಯಮ ಮತ್ತು ಸಾಧನಗಳಿಗಿಂತ ಕೆಲಸ ಮಾಡುವ ಜನರ ಒಡನಾಟಕ್ಕೆ, ವಿಸ್ತಾರವಾದ ದಾಖಲೆಗಿಂತ ಓಡುವ ತಂತ್ರಾಂಶಕ್ಕೆ, ಕರಾರಿನ ಚೌಕಾಸಿಗಿಂತ ಗ್ರಾಹಕನ ಸಹಯೋಗಕ್ಕೆ, ಮೊದಲೇ ಹಾಕಿಕೊಂಡ ಯೋಜನೆಯನ್ನು ಬಿಡದೆ ಅನುಸರಿಸುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದಕ್ಕೆ ಹೆಚ್ಚು ಬೆಲೆ. 'ಹೆಚ್ಚು' ಎಂಬ ಪದವನ್ನು ಗಮನಿಸಬೇಕು. ಹಿಂದೆ ಸರಿಸಿದ ಅಂಶಗಳಿಗೂ ಬೆಲೆ ಇದೆ ಎಂದು ಪ್ರಣಾಳಿಕೆ ಕೊನೆಯಲ್ಲಿ ಸ್ಪಷ್ಟವಾಗಿಯೇ ಹೇಳುತ್ತದೆ. ನಮ್ಮ ಕೋಷ್ಟಕ 'ಹೆಚ್ಚು, ಕಡಿಮೆ' ಎಂಬುದನ್ನು 'ಇದೆ, ಇಲ್ಲ' ಎಂದು ಬದಲಿಸಿಬಿಟ್ಟಿದೆ. ಬಹುಪಾಲು ತಪ್ಪು ಕಲ್ಪನೆಗಳ ಮೂಲ ಇದೇ.

ತಪ್ಪು ಕಲ್ಪನೆ 1: ಇಲ್ಲಿ ಯೋಜನೆ ಇರುವುದಿಲ್ಲ

ಸ್ಕ್ರಮ್ ಪದ್ಧತಿಯನ್ನೇ ನೋಡೋಣ. ಅದರಲ್ಲಿ ಕೆಲಸವನ್ನು 'ಸ್ಪ್ರಿಂಟ್' ಎಂಬ ಸುತ್ತುಗಳಾಗಿ ವಿಂಗಡಿಸುತ್ತಾರೆ. ಒಂದು ಸುತ್ತು ಒಂದು ತಿಂಗಳನ್ನು ಮೀರುವಂತಿಲ್ಲ. ಎರಡು ವಾರದ ಸುತ್ತು ಸಾಮಾನ್ಯ. ಸುತ್ತಿನ ಆರಂಭದಲ್ಲಿ ಯೋಜನಾ ಸಭೆ, ದಿನಕ್ಕೊಮ್ಮೆ 15 ನಿಮಿಷದ ಭೇಟಿ, ಕೊನೆಯಲ್ಲಿ ಸಿದ್ಧವಾದುದನ್ನು ಸಂಬಂಧಪಟ್ಟವರಿಗೆ ತೋರಿಸುವ ಪರಿಶೀಲನೆ, ಅನಂತರ ತಂಡವು ತನ್ನ ಕಾರ್ಯರೀತಿಯನ್ನೇ ವಿಮರ್ಶಿಸಿಕೊಳ್ಳುವ ಸಭೆ. ವರ್ಷಕ್ಕೊಮ್ಮೆ ಮಾಡುತ್ತಿದ್ದ ಯೋಜನೆಯನ್ನು ಇಲ್ಲಿ ಎರಡು ವಾರಕ್ಕೊಮ್ಮೆ ಮಾಡಬೇಕು. ಯೋಜಿಸುವ ಶ್ರಮ ಇದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ವ್ಯತ್ಯಾಸ ಇರುವುದು ಯೋಜನೆಯ ವಿವರದಲ್ಲಿ. ಹವಾಮಾನ ಇಲಾಖೆಯ ಮುನ್ಸೂಚನೆಗೆ ಇದನ್ನು ಹೋಲಿಸಬಹುದು. ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ಬಗ್ಗೆ ಏಪ್ರಿಲ್‌ನಲ್ಲಿ ಸ್ಥೂಲ ಅಂದಾಜು ಕೊಡುತ್ತದೆ. ಮುಂಗಾರು ಸಮೀಪಿಸಿದಂತೆ ಹೊಸ ಮಾಹಿತಿ ಸೇರಿಸಿ ಅದನ್ನು ಪರಿಷ್ಕರಿಸುತ್ತದೆ. ನಾಳಿನ ಮಳೆಯ ಬಗ್ಗೆ ಹೇಳುವಷ್ಟು ವಿವರವಾಗಿ ಆಗಸ್ಟ್ ತಿಂಗಳ ಒಂದು ನಿರ್ದಿಷ್ಟ ದಿನದ ಬಗ್ಗೆ ಏಪ್ರಿಲ್‌ನಲ್ಲಿ ಹೇಳಲು ಹೋಗುವುದಿಲ್ಲ. ಹಾಗೆಂದು ಇಲಾಖೆಗೆ ಮುನ್ಸೂಚನೆಯೇ ಇಲ್ಲ ಎನ್ನಲಾದೀತೇ? ಚುರುಕು ವಿಧಾನದಲ್ಲಿಯೂ ಹತ್ತಿರದ ಕೆಲಸಕ್ಕೆ ವಿವರವಾದ ಯೋಜನೆ, ದೂರದ ಕೆಲಸಕ್ಕೆ ಸ್ಥೂಲವಾದ ಯೋಜನೆ.

ತಪ್ಪು ಕಲ್ಪನೆ 2: ದಾಖಲೆ ಬರೆಯಬೇಕಾಗಿಲ್ಲ

ಶಾಲೆಯ ಗ್ರಂಥಾಲಯಕ್ಕೆ ಒಂದು ತಂತ್ರಾಂಶ ಬೇಕಾಗಿದೆ ಎಂದು ಭಾವಿಸೋಣ. 'ಪುಸ್ತಕವನ್ನು 14 ದಿನದೊಳಗೆ ಹಿಂದಿರುಗಿಸಬೇಕು. ತಡವಾದರೆ ದಿನಕ್ಕೆ 1 ರೂಪಾಯಿ ದಂಡ' ಎಂದು ಬರೆದುಕೊಟ್ಟಿದ್ದಾರೆ. ನೋಡಲು ಸ್ಪಷ್ಟವಾದ ನಿಯಮ. ಆದರೆ 14ನೆಯ ದಿನ ಭಾನುವಾರವಾದರೆ? ಮಧ್ಯೆ ದಸರಾ ರಜೆ ಬಂದರೆ? ಪುಸ್ತಕ ಪಡೆದವರು ಅಧ್ಯಾಪಕರಾದರೆ? ಇಂತಹ ಪ್ರಶ್ನೆಗಳು ಕಾಗದದ ಮೇಲೆ ಎಲ್ಲವೂ ಹೊಳೆಯುವುದಿಲ್ಲ. ಪುಸ್ತಕ ಕೊಡುವ ಮತ್ತು ಹಿಂಪಡೆಯುವ ಭಾಗವನ್ನಷ್ಟೇ ಮೊದಲ ಎರಡು ವಾರದಲ್ಲಿ ಸಿದ್ಧಪಡಿಸಿ ಗ್ರಂಥಪಾಲಕರ ಕೈಗಿತ್ತರೆ, ಮೊದಲ ರಜೆಯಲ್ಲೇ ಅವರು ತಪ್ಪನ್ನು ಹಿಡಿಯುತ್ತಾರೆ.

ಹಾಗಾದರೆ ಉತ್ತರವನ್ನು ಎಲ್ಲಿ ದಾಖಲಿಸುವುದು? ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್‌ನಲ್ಲಿ ಅದನ್ನು ಒಂದು ಪರೀಕ್ಷೆಯಾಗಿ ಬರೆಯುತ್ತಾರೆ: 'ಭಾನುವಾರ ಗಡುವು ಮುಗಿದು ಸೋಮವಾರ ಹಿಂದಿರುಗಿಸಿದರೆ ದಂಡ 0 ಬರಬೇಕು.' ಗಣಕವೇ ನಡೆಸುವ ಇಂತಹ ಪರೀಕ್ಷೆಗಳನ್ನು ಪ್ರೋಗ್ರಾಂ ಬರೆಯುವ ಮೊದಲೇ ಬರೆದಿಟ್ಟು, ಪ್ರತಿ ಬದಲಾವಣೆಯ ಬಳಿಕ ಮತ್ತೆ ಓಡಿಸುತ್ತಾರೆ. ಕಪಾಟಿನಲ್ಲಿರುವ ದಾಖಲೆಯನ್ನು ಯಾರೂ ತಿದ್ದದೆ ಬಿಟ್ಟರೆ ಅದು ಹಳತಾದದ್ದು ಗೊತ್ತೇ ಆಗುವುದಿಲ್ಲ. ಪರೀಕ್ಷೆ ಹಳತಾದರೆ ಅದು ಅನುತ್ತೀರ್ಣವಾಗಿ ಕೂಡಲೇ ತಿಳಿಸುತ್ತದೆ. ಆದ್ದರಿಂದ ದಾಖಲೆ ಬೇಡವೆಂಬುದು ತಪ್ಪು. ಉಪಯೋಗಕ್ಕೆ ಬಾರದ ದಾಖಲೆ ಬೇಡವೆಂಬುದು ಸರಿ. ಪರೀಕ್ಷೆಯನ್ನೂ ಬರೆಯದೆ, ದಾಖಲೆಯನ್ನೂ ಬರೆಯದೆ 'ನಮ್ಮದು ಅಜೈಲ್' ಎನ್ನುವುದು ಬರಿಯ ಸೋಮಾರಿತನ.

ತಪ್ಪು ಕಲ್ಪನೆ 3: ಮೊದಲು ಜಲಪಾತವಿತ್ತು, 2001ರಲ್ಲಿ ಅಜೈಲ್ ಬಂತು

ಅಗತ್ಯಗಳ ಪಟ್ಟಿ, ವಿನ್ಯಾಸ, ಪ್ರೋಗ್ರಾಂ ರಚನೆ, ಪರೀಕ್ಷೆ ಎಂದು ನೀರಿನಂತೆ ಮೇಲಿನಿಂದ ಕೆಳಗೆ ಮಾತ್ರ ಹರಿಯುವ ಕ್ರಮಕ್ಕೆ ಜಲಪಾತ ಮಾದರಿ ಎಂದು ಹೆಸರು. ಇದರ ಜನಕನೆಂದು ಪಠ್ಯಗಳು ಸಾಮಾನ್ಯವಾಗಿ ಹೆಸರಿಸುವುದು ವಿನ್‌ಸ್ಟನ್ ರಾಯ್ಸ್ ಅವರನ್ನು. ಅವರ 1970ರ ಪ್ರಬಂಧವನ್ನು ಓದಿದರೆ ಆಶ್ಚರ್ಯವಾಗುತ್ತದೆ. 'ಜಲಪಾತ' ಎಂಬ ಪದವೇ ಅದರಲ್ಲಿಲ್ಲ. ಈ ಸರಳ ಕ್ರಮದ ಚಿತ್ರ ಬರೆದ ರಾಯ್ಸ್, ಅದನ್ನು ಹಾಗೆಯೇ ಜಾರಿಗೊಳಿಸುವುದು ಅಪಾಯಕರ ಎಂದು ಎಚ್ಚರಿಸುತ್ತಾರೆ. ಪರೀಕ್ಷೆಯ ಹಂತ ಕೊನೆಗೆ ಬರುವುದರಿಂದ ದೊಡ್ಡ ದೋಷಗಳು ತೀರ ತಡವಾಗಿ ಕಾಣಿಸುತ್ತವೆ ಎಂಬುದೇ ಅವರ ಆತಂಕ. ಪರಿಹಾರವಾಗಿ ಅವರು ಸೂಚಿಸಿದ್ದರಲ್ಲಿ ಮೊದಲು ಒಂದು ಪ್ರಾಯೋಗಿಕ ರೂಪವನ್ನು ಕಟ್ಟಿ ನೋಡುವುದೂ ಸೇರಿತ್ತು. ಆದರೆ ಅವರು ಭಾರಿ ದಾಖಲೆಗಳನ್ನೂ ಬಯಸಿದ್ದರು. ಹಾಗಾಗಿ ಅವರನ್ನು ಚುರುಕು ವಿಧಾನದ ಪಿತಾಮಹನೆಂದು ಕರೆಯುವುದೂ ಸಲ್ಲದು. ಎಚ್ಚರಿಕೆಯ ಮಾತು ಮರೆತುಹೋಯಿತು, ಚಿತ್ರ ಮಾತ್ರ ಪಠ್ಯಗಳಲ್ಲಿ ಉಳಿಯಿತು.

ಇನ್ನೊಂದೆಡೆ, ಸುತ್ತು ಸುತ್ತಾಗಿ ತಂತ್ರಾಂಶ ಬೆಳೆಸುವ ಅಭ್ಯಾಸ 2001ಕ್ಕಿಂತ ಬಹಳ ಹಿಂದಿನದು. ಅಮೆರಿಕದ ಬಾಹ್ಯಾಕಾಶ ನೌಕೆ ಸ್ಪೇಸ್ ಷಟಲ್‌ನ ಮುಖ್ಯ ಹಾರಾಟ ತಂತ್ರಾಂಶವನ್ನು 1977ರಿಂದ 1980ರ ನಡುವೆ 31 ತಿಂಗಳುಗಳಲ್ಲಿ 17 ಸುತ್ತುಗಳಾಗಿ ಕಟ್ಟಿದರು. ನೌಕೆಯ ವಿನ್ಯಾಸವೇ ಬದಲಾಗುತ್ತಿದ್ದುದರಿಂದ ಎಲ್ಲ ಅಗತ್ಯಗಳನ್ನೂ ಮೊದಲೇ ನಿಗದಿಪಡಿಸುವುದು ಸಾಧ್ಯವಿರಲಿಲ್ಲ. ಚುರುಕು ವಿಧಾನ ಅಂತರ್ಜಾಲ ಕಾಲದ ಫ್ಯಾಷನ್ ಎನ್ನುವವರೂ, ಅದು ಜೀವಾಪಾಯದ ಕೆಲಸಗಳಿಗೆ ಒಗ್ಗುವುದೇ ಇಲ್ಲ ಎನ್ನುವವರೂ ಈ ಉದಾಹರಣೆಯನ್ನು ನೆನಪಿಡಬೇಕು.

ತಪ್ಪು ಕಲ್ಪನೆ 4: ಅಜೈಲ್ ಎಂದರೆ ವೇಗ

ಅತ್ಯಂತ ಹಾನಿಕರವಾದ ಕಲ್ಪನೆ ಇದು. ಇದಕ್ಕೆ ಹೆಸರೇ ಅರ್ಧ ಕಾರಣ. ಹಲವು ತಂಡಗಳು ಒಂದೊಂದು ಕೆಲಸಕ್ಕೂ ಅದರ ಕಷ್ಟಕ್ಕೆ ತಕ್ಕಂತೆ ಅಂಕ ಕೊಡುತ್ತವೆ. ಒಂದು ಸುತ್ತಿನಲ್ಲಿ ಮುಗಿಸಿದ ಅಂಕಗಳ ಮೊತ್ತಕ್ಕೆ 'ವೆಲಾಸಿಟಿ', ಅಂದರೆ ವೇಗ ಎಂದು ಹೆಸರು. ಕಳೆದ ಕೆಲವು ಸುತ್ತುಗಳಲ್ಲಿ ಸುಮಾರು 30 ಅಂಕದ ಕೆಲಸ ಮುಗಿದಿದ್ದರೆ ಮುಂದಿನ ಸುತ್ತಿಗೂ ಅಷ್ಟನ್ನೇ ಒಪ್ಪಿಕೊಳ್ಳೋಣ ಎಂದು ತಂಡ ತನಗಾಗಿ ಮಾಡಿಕೊಳ್ಳುವ ಅಂದಾಜು ಅದು.

ಭೌತವಿಜ್ಞಾನದ ವೇಗಕ್ಕೂ ಇದಕ್ಕೂ ಹೆಸರಿನ ಸಂಬಂಧ ಮಾತ್ರ. ಮೀಟರು, ಸೆಕೆಂಡುಗಳಿಗೆ ಅಂತರರಾಷ್ಟ್ರೀಯ ಪ್ರಮಾಣವಿದೆ. ಈ ಅಂಕಕ್ಕೆ ಯಾವ ಪ್ರಮಾಣವೂ ಇಲ್ಲ. ಒಂದು ತಂಡದ 5 ಇನ್ನೊಂದು ತಂಡದ 8 ಆಗಬಹುದು. ಪ್ರಮಾಣವಿಲ್ಲದ ಅಳತೆಯಿಂದ ಎರಡು ತಂಡಗಳನ್ನು ಹೋಲಿಸುವುದು ತಪ್ಪೆಂದು ವಿಜ್ಞಾನದ ಯಾವ ವಿದ್ಯಾರ್ಥಿಯೂ ಹೇಳಬಲ್ಲ. ಆದರೂ ವ್ಯವಸ್ಥಾಪಕರು 'ಆ ತಂಡದ ವೇಗ 40, ನಿಮ್ಮದೇಕೆ 30?' ಎಂದು ಕೇಳುವುದುಂಟು. ಫಲಿತಾಂಶ ಊಹಿಸುವುದು ಕಷ್ಟವಲ್ಲ. ನಿನ್ನೆ 5 ಅಂಕವಿದ್ದ ಕೆಲಸಕ್ಕೆ ಇಂದು 8 ಅಂಕ ಬೀಳುತ್ತದೆ. ವೇಗ ಏರುತ್ತದೆ, ಕೆಲಸ ಅಷ್ಟೇ ಇರುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಅಂಕಕ್ಕಾಗಿ ಪರೀಕ್ಷೆಗಳನ್ನು ಕೈಬಿಟ್ಟು ಹೇಗೋ ಓಡುವ ಪ್ರೋಗ್ರಾಂ ಬರೆಯುವುದು. ಅವಸರದಲ್ಲಿ ಬರೆದುದನ್ನು ತಿದ್ದದೆ ಮುಂದೂಡುವುದನ್ನು ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲಿಯೇ ಸಾಲಕ್ಕೆ ಹೋಲಿಸಿದ್ದರು. ಅಸಲು ತೀರಿಸದಿದ್ದರೆ ಬಡ್ಡಿ ಬೆಳೆಯುತ್ತದೆ. ಮುಂದಿನ ಪ್ರತಿಯೊಂದು ಬದಲಾವಣೆಯೂ ನಿಧಾನವಾಗುತ್ತದೆ. ತಾಳಿಕೊಳ್ಳಬಹುದಾದ ಗತಿಯಲ್ಲಿ ಕೆಲಸ ಸಾಗಬೇಕೆಂಬುದು ಪ್ರಣಾಳಿಕೆಯ 12 ತತ್ವಗಳಲ್ಲಿ ಒಂದು. ರಾತ್ರಿಯಿಡೀ ದುಡಿಸುವ ಸಂಸ್ಥೆ ಎಷ್ಟೇ ಸ್ಪ್ರಿಂಟ್‌ಗಳನ್ನು ನಡೆಸಿದರೂ ಅದು ಈ ತತ್ವಕ್ಕೆ ವಿರುದ್ಧ.

ತಪ್ಪು ಕಲ್ಪನೆ 5: ಅಜೈಲ್ ಎಂದರೆ ಯಶಸ್ಸು ಖಚಿತ

ಎರಡು ಸರಕಾರಿ ಯೋಜನೆಗಳನ್ನು ಹೋಲಿಸಿ ನೋಡೋಣ. ಅಮೆರಿಕದ ಎಫ್‌ಬಿಐ ತನ್ನ ಪ್ರಕರಣಗಳ ಕಡತಗಳನ್ನು ಗಣಕೀಕರಿಸಲು ಮಾಡಿದ ಮೊದಲ ಪ್ರಯತ್ನವನ್ನು ಸುಮಾರು 17 ಕೋಟಿ ಡಾಲರ್ ವೆಚ್ಚವಾದ ಮೇಲೆ 2005ರಲ್ಲಿ ಕೈಬಿಟ್ಟಿತು. 2006ರಲ್ಲಿ 'ಸೆಂಟಿನೆಲ್' ಎಂಬ ಎರಡನೆಯ ಯೋಜನೆಯನ್ನು ಗುತ್ತಿಗೆಗೆ ಕೊಟ್ಟಿತು. ಅದೂ ಹಿಂದೆ ಬಿದ್ದಾಗ, 2010ರಲ್ಲಿ ಕೆಲಸವನ್ನು ತನ್ನ ಕೈಗೇ ತೆಗೆದುಕೊಂಡು, ಸಣ್ಣ ತಂಡದೊಂದಿಗೆ ಎರಡೆರಡು ವಾರದ ಸುತ್ತುಗಳಲ್ಲಿ ಮುಂದುವರಿಸಿತು. 2011ರ ಅಕ್ಟೋಬರ್‌ನಲ್ಲಿ ನಡೆಸಿದ ದೊಡ್ಡ ಪ್ರಯೋಗದಲ್ಲಿ ವ್ಯವಸ್ಥೆ ಎರಡು ಬಾರಿ ಸ್ಥಗಿತಗೊಂಡಿತು. ಯಂತ್ರಾಂಶ ಸಾಲದೆಂದು ತಿಳಿಯಿತು. ಅದನ್ನು ಸರಿಪಡಿಸಿ 2012ರ ಜುಲೈಯಲ್ಲಿ ಬಳಕೆಗೆ ತಂದರು. ಇಲ್ಲಿಯೂ ತಡವಾಯಿತು, ತೊಂದರೆ ಬಂತು. ಆದರೆ ತೊಂದರೆ ಸಕಾಲದಲ್ಲಿ ಕಣ್ಣಿಗೆ ಬಿತ್ತು.

ಬ್ರಿಟನ್ನಿನ 'ಯೂನಿವರ್ಸಲ್ ಕ್ರೆಡಿಟ್' ಬಡವರು ಮತ್ತು ನಿರುದ್ಯೋಗಿಗಳಿಗೆ ದೊರೆಯುವ ಹಲವು ನೆರವುಗಳನ್ನು ಒಂದುಗೂಡಿಸುವ ಯೋಜನೆ. ಅದರ ತಂತ್ರಾಂಶಕ್ಕೂ ಅಜೈಲ್ ವಿಧಾನವನ್ನೇ ಅನುಸರಿಸುವುದಾಗಿ ಸಾರಿದ್ದರು. ಆದರೆ ಹಳೆಯ ರೀತಿಯ ಗುತ್ತಿಗೆಗಳಿಗೂ ಆಡಳಿತ ಕ್ರಮಕ್ಕೂ ಅದನ್ನು ಹೊಂದಿಸಲಾಗಲಿಲ್ಲ ಎಂದು ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2013ರ ಸೆಪ್ಟೆಂಬರ್ ವರದಿಯಲ್ಲಿ ತಿಳಿಸಿತು. 3 ಕೋಟಿ 40 ಲಕ್ಷ ಪೌಂಡ್ ಮೌಲ್ಯದ ಗಣಕ ಸ್ವತ್ತನ್ನು ನಿರುಪಯೋಗಿ ಎಂದು ಲೆಕ್ಕದಿಂದ ತೆಗೆದುಹಾಕಬೇಕಾಯಿತು.

ಎರಡು ಕಡೆಯೂ ಹೆಸರು ಒಂದೇ. ಹೆಸರಿನಿಂದ ಫಲ ಬರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಎರಡೇ ಉದಾಹರಣೆಗಳಿಂದ ಸಾರ್ವತ್ರಿಕ ನಿಯಮ ಹೇಳಲು ಬಾರದು, ನಿಜ. ಆದರೆ ಒಂದು ಪ್ರಶ್ನೆ ಸ್ಪಷ್ಟವಾಗುತ್ತದೆ: ಪ್ರತಿ ಸುತ್ತಿನ ಕೊನೆಯಲ್ಲಿ ಕಂಡ ದೋಷವನ್ನು ತಿದ್ದುವ ಅಧಿಕಾರ ಯಾರಿಗಿದೆ? ಕರಾರಿನಲ್ಲಿ ಎಲ್ಲವೂ ಮೊದಲೇ ನಿಗದಿಯಾಗಿದ್ದರೆ ಪರಿಶೀಲನಾ ಸಭೆ ಕೇವಲ ಪ್ರದರ್ಶನವಾಗುತ್ತದೆ.

ಪ್ರತಿಪಾದಕರ ಪಾಲು

ಈ ಗೊಂದಲಕ್ಕೆ ಬಳಸುವವರನ್ನಷ್ಟೇ ದೂರುವುದು ನ್ಯಾಯವಲ್ಲ. ಎರಡು ದಿನದ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುವ ವ್ಯಾಪಾರವನ್ನು ಬೆಳೆಸಿದವರು ಪ್ರತಿಪಾದಕರೇ. ಯೋಜನೆ ಗೆದ್ದರೆ ಅಜೈಲ್‌ಗೆ ಕೀರ್ತಿ, ಸೋತರೆ 'ನೀವು ಅದನ್ನು ಸರಿಯಾಗಿ ಅನುಸರಿಸಲಿಲ್ಲ' ಎಂಬ ಉತ್ತರ. ಯಾವ ಫಲಿತಾಂಶ ಬಂದರೂ ತಪ್ಪೆಂದು ಸಾಬೀತಾಗದ ಹೇಳಿಕೆಯನ್ನು ವಿಜ್ಞಾನ ಒಪ್ಪುವುದಿಲ್ಲ. ಪ್ರಣಾಳಿಕೆಗೆ ಸಹಿ ಹಾಕಿದವರಲ್ಲೊಬ್ಬರಾದ ಡೇವ್ ಥಾಮಸ್ ಅವರೇ ಈ ಪದ ಅರ್ಥ ಕಳೆದುಕೊಂಡಿದೆ, ಅದನ್ನು ಕೈಬಿಡುವುದು ಲೇಸು ಎಂದು 2014ರಲ್ಲಿ ವಾದಿಸಿದರು.

ಪದವನ್ನು ಬಿಟ್ಟರೂ ಅದರ ತಿರುಳು ಉಳಿಯುತ್ತದೆ. ನಮ್ಮ ಊಹೆ ತಪ್ಪಿರಬಹುದೆಂದು ಒಪ್ಪಿ, ಚಿಕ್ಕ ಪ್ರಯೋಗ ಮಾಡಿ, ಫಲಿತಾಂಶ ನೋಡಿ, ಊಹೆಯನ್ನು ತಿದ್ದಿಕೊಳ್ಳುವುದೇ ಆ ತಿರುಳು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವುದೂ ಇದನ್ನೇ. ತಿದ್ದುವ ವೆಚ್ಚ ಕಡಿಮೆ ಇರುವಲ್ಲಿ ಈ ಕ್ರಮ ಚೆನ್ನಾಗಿ ನಡೆಯುತ್ತದೆ. ಕಾಂಕ್ರೀಟ್ ಸುರಿದ ಮೇಲೆ ಸೇತುವೆಯ ಕಂಬವನ್ನು ಎರಡು ವಾರಕ್ಕೊಮ್ಮೆ ಸರಿಸಲಾಗದು. ಅಂತಹ ಕಡೆ ಮುಂಚಿತ ವಿನ್ಯಾಸಕ್ಕೇ ಹೆಚ್ಚು ತೂಕ. ಎಲ್ಲಿ ಯಾವುದು ಎಂದು ವಿವೇಚಿಸುವುದೇ ಎಂಜಿನಿಯರನ ಕೆಲಸ.

ಅಧ್ಯಾಪಕರು ಇದನ್ನು ಕೋಷ್ಟಕವಿಲ್ಲದೆಯೂ ಕಲಿಸಬಹುದು. ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ ಕೊನೆಗೆ ಬೈಂಡ್ ಮಾಡಿದ ವರದಿಯನ್ನಷ್ಟೇ ಕೇಳುವ ಬದಲು, ಎರಡು ವಾರಕ್ಕೊಮ್ಮೆ ಓಡುವ ಒಂದು ಭಾಗವನ್ನು ನಿಜವಾದ ಬಳಕೆದಾರನ ಮುಂದೆ ತೋರಿಸಲು ಹೇಳಬೇಕು. 'ಈ ಬಾರಿ ನಿಮ್ಮ ಯಾವ ಊಹೆ ತಪ್ಪೆಂದು ತಿಳಿಯಿತು?' ಎಂದು ಪ್ರಶ್ನಿಸಿ, ಪ್ರಾಮಾಣಿಕ ಉತ್ತರಕ್ಕೂ ಅಂಕ ಕೊಡಬೇಕು. ತಪ್ಪನ್ನು ಒಪ್ಪಿದರೆ ಅಂಕ ಕಡಿತವಾಗುವ ತರಗತಿಯಲ್ಲಿ ತಪ್ಪನ್ನು ಬೇಗ ಕಂಡುಹಿಡಿಯುವ ವಿಧಾನವನ್ನು ಕಲಿಸಲು ಸಾಧ್ಯವಿಲ್ಲ.