ಉಚಿತ ಮತ್ತು ಮುಕ್ತ: ಕನ್ನಡ ತಂತ್ರಾಂಶಗಳನ್ನು ಕುರಿತು ಒಂದು ವಿಮರ್ಶೆ

ಗ್ರಂಥಗಳ ಗುಣದೋಷಗಳನ್ನು ಪರಿಶೀಲಿಸುವ ಈ ಪುಟಗಳಲ್ಲಿ ಗಣಕಯಂತ್ರದ ತಂತ್ರಾಂಶವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ಇಂದು ಜಮಾಖರ್ಚು, ದಾನಿಗಳ ಪಟ್ಟಿ, ಪೂಜೆಯ ಆಮಂತ್ರಣ, ಸ್ತೋತ್ರಗಳ ಕಿರುಹೊತ್ತಗೆ ಇವೆಲ್ಲವೂ ರೂಪುಗೊಳ್ಳುವುದು ಅದರೊಳಗೆಯೇ. ಹಿಂದಿನ ಲಿಪಿಕಾರನು ಓಲೆಯನ್ನು ಪರೀಕ್ಷಿಸಿ ನೋಡಿದ ಬಳಿಕವೇ ಕಂಠವನ್ನು ಕೈಗೆತ್ತಿಕೊಳ್ಳುತ್ತಿದ್ದನು. ನಾವು ಮಾತ್ರ ಅಂಗಡಿಯವನು ತುಂಬಿಕೊಟ್ಟ ತಂತ್ರಾಂಶವನ್ನು ಪ್ರಶ್ನಿಸದೆ ಒಪ್ಪಿಕೊಂಡೆವು.

ಇದರ ಫಲವನ್ನು ನಾನು ಸ್ವತಃ ಉಂಡಿದ್ದೇನೆ. ಪಂಜದಲ್ಲಿ ಅಡಿಕೆ, ಕರಿಮೆಣಸಿನ ವ್ಯಾಪಾರ ನಡೆಸುತ್ತ, ಒಂದು ಬಸದಿಯ ಟ್ರಸ್ಟಿನ ಲೆಕ್ಕಪತ್ರಗಳನ್ನೂ ನೋಡಿಕೊಂಡು ಬಂದವನು ನಾನು. ೨೦೦೩ರಲ್ಲಿ ಆ ಬಸದಿಯ ಹಳೆಯ ದಾನಪತ್ರಗಳ ನಕಲು, ಉಂಬಳಿ ಜಮೀನಿನ ವಿವರ, ಹಿರಿಯರಿಂದ ಕೇಳಿ ಬರೆದುಕೊಂಡ ಚರಿತ್ರೆ ಎಲ್ಲವನ್ನೂ ಸೇರಿಸಿ ಸುಮಾರು ಇನ್ನೂರು ಪುಟಗಳಷ್ಟನ್ನು ಬೆರಳಚ್ಚು ಮಾಡಿಸಿದೆವು. ಅದಕ್ಕಾಗಿ ಹಣ ಕೊಟ್ಟು ಒಂದು ಕನ್ನಡ ತಂತ್ರಾಂಶವನ್ನು ಕೊಂಡಿದ್ದೆವು. ಪ್ರಿಂಟರಿನ ತಂತಿ ಸಿಕ್ಕಿಸುವ ಜಾಗದಲ್ಲಿ 'ಡಾಂಗಲ್' ಎಂಬ ಸಣ್ಣ ಬೀಗವನ್ನು ಸಿಕ್ಕಿಸಿದರೆ ಮಾತ್ರ ಅದು ತೆರೆಯುತ್ತಿತ್ತು. ಹನ್ನೊಂದು ವರ್ಷಗಳ ಬಳಿಕ ಯಂತ್ರ ಕೆಟ್ಟಿತು. ಹೊಸ ಯಂತ್ರದಲ್ಲಿ ಆ ಬೀಗಕ್ಕೆ ಹೊಂದುವ ಕಿಂಡಿಯೇ ಇರಲಿಲ್ಲ. ಮಾರಿದವರ ಬಳಿ ಆ ಆವೃತ್ತಿಯೂ ಉಳಿದಿರಲಿಲ್ಲ. ಕಡತವನ್ನು ತೆರೆದರೆ ಕಂಡದ್ದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಮುದ್ರಿತ ಪ್ರತಿ ಒಂದೇ ಒಂದು ಉಳಿದಿತ್ತು. ಅದರ ಅಂಚನ್ನು ಗೆದ್ದಲು ಮುಟ್ಟಿತ್ತು.

ಹೀಗೇಕಾಯಿತೆಂಬುದನ್ನು ವಿವರಿಸುವುದು ಅಗತ್ಯ. ಆ ಕಾಲದ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆಂದು ನಿಗದಿಯಾಗಿದ್ದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು: ತಲೆಕಟ್ಟು ಒಂದು ಮನೆಯಲ್ಲಿ, ಒತ್ತು ಇನ್ನೊಂದರಲ್ಲಿ, ಕೊಂಬು ಮತ್ತೊಂದರಲ್ಲಿ. ಕಡತದಲ್ಲಿ ಉಳಿಯುವುದು ಮನೆಯ ಸಂಖ್ಯೆ ಮಾತ್ರ. ಯಾವ ಮನೆಯಲ್ಲಿ ಯಾವ ಆಕಾರವಿದೆಯೆಂಬುದು ಆಯಾ ಕಂಪನಿಯ ಗುಟ್ಟು. ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆಯೆಂಬ ಯೂನಿಕೋಡ್ ಪದ್ಧತಿಯ ಮೊದಲ ಆವೃತ್ತಿಯಲ್ಲಿ, ಅಂದರೆ ೧೯೯೧ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿತ್ತು. ನಮ್ಮ ಸ್ತೋತ್ರಪಾಠಗಳಿಗೆ ಬೇಕಾದ ಅವಗ್ರಹಚಿಹ್ನೆಗೆ ಕನ್ನಡದ ವಿಭಾಗದಲ್ಲಿ ಜಾಗ ಸಿಕ್ಕಿದ್ದು ೨೦೦೩ರಲ್ಲಿ. ಆದ್ದರಿಂದ ಅಂದಿನ ಬೆರಳಚ್ಚುಗಾರರನ್ನು ಪೂರ್ತಿಯಾಗಿ ದೂರುವಂತಿಲ್ಲ.

ಈ ಹಿನ್ನೆಲೆಯಲ್ಲಿ ನಮ್ಮವರ ಕೃತಿಗಳನ್ನು ಪರಿಶೀಲಿಸೋಣ. ಮೊದಲಿಗೆ ಸಲ್ಲಬೇಕಾದ ಹೆಸರು ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಶ್ರೀ ಕೆ. ಪಿ. ರಾವ್ ಅವರದು. ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯ ವಿನ್ಯಾಸವನ್ನು ಅವರು ರೂಪಿಸಿದರು. ತಾವು ಸಿದ್ಧಪಡಿಸಿದ ತಂತ್ರಾಂಶಕ್ಕೆ ಪುತ್ತೂರು ಸೀಮೆಯ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ವ್ಯಂಜನಕ್ಕೆ ಒಂದು ಕೀಲಿ, ಸ್ವರಕ್ಕೆ ಒಂದು ಕೀಲಿ, ಒತ್ತಿಗೆ ನಡುವೆ ಒಂದು ಕೀಲಿ. ಭಾಷೆಯ ಸ್ವಭಾವವನ್ನೇ ಯಂತ್ರಕ್ಕೆ ಕಲಿಸಿದ ಸರಳತೆ ಅದು. ಅದಕ್ಕೆ ಅವರು ಸ್ವಾಮ್ಯದ ಹಕ್ಕನ್ನು ಹೇಳಲಿಲ್ಲ. ಅದರಿಂದಲೇ ಅದು ಸರ್ಕಾರದ 'ನುಡಿ'ಗೂ ಹೋಯಿತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ಕೀಲಿಮಣೆಗಳ ಪಟ್ಟಿಯಲ್ಲಿ 'ಕಗಪ' ಎಂಬ ಹೆಸರಿನಿಂದ ದೊರೆಯುತ್ತದೆ. ನನ್ನ ದೃಷ್ಟಿಯಲ್ಲಿ ಕನ್ನಡದ ಗಣಕಸಾಹಿತ್ಯದಲ್ಲಿ ಇದಕ್ಕೆ ಸರಿಗಟ್ಟುವ ಕೃತಿ ಇನ್ನೊಂದಿಲ್ಲ.

ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿದ 'ನುಡಿ'ಯ ಗುಣ ದೊಡ್ಡದು. ಕಂಪನಿಗೊಂದರಂತಿದ್ದ ಸಂಕೇತಗಳ ಗೊಂದಲದಲ್ಲಿ ಕಚೇರಿಗಳಿಗೆಲ್ಲ ಒಂದೇ ಸಂಕೇತವನ್ನು ಅದು ಒದಗಿಸಿತು. ಬೀಗವಿರಲಿಲ್ಲ, ಬೆಲೆಯೂ ಇರಲಿಲ್ಲ. ನುಡಿಯಲ್ಲಿ ಬರೆದ ಹಳೆಯ ಕಡತಗಳನ್ನು ಇಂದು ಯೂನಿಕೋಡಿಗೆ ಸುಲಭವಾಗಿ ಪರಿವರ್ತಿಸಬಹುದಾದದ್ದು ಆ ಸಂಕೇತ ಗುಟ್ಟಾಗಿರಲಿಲ್ಲವೆಂಬ ಕಾರಣದಿಂದ. ಆದರೆ ದೋಷವನ್ನೂ ಹೇಳಬೇಕು. ಜನರ ತೆರಿಗೆಯ ಹಣದಿಂದ ಆದ ಕೆಲಸದ ಆಕರ, ಅಂದರೆ ತಂತ್ರಾಂಶದ ಮೂಲಪಾಠ, ಆ ವರ್ಷಗಳಲ್ಲಿ ಜನರ ಕೈಗೆ ಬರಲಿಲ್ಲ. ವಿಂಡೋಸ್ ಇಲ್ಲದ ಯಂತ್ರದವನಿಗೆ ಅದು ದಕ್ಕಲಿಲ್ಲ. ದೋಷ ಕಂಡವನು ತಾನೇ ತಿದ್ದುವಂತಿರಲಿಲ್ಲ, ಕಾಯಬೇಕಾಗಿತ್ತು.

೧೯೯೮ರಲ್ಲಿ ಬಂದ, ಶ್ರೀ ಶೇಷಾದ್ರಿವಾಸು ಅವರ 'ಬರಹ' ಒಬ್ಬರೇ ಮಾಡಿದ ಸಾಹಸ. ಹೊರದೇಶಗಳಲ್ಲಿದ್ದ ನಮ್ಮ ಮಕ್ಕಳು ತಂದೆತಾಯಿಯರಿಗೆ ಕನ್ನಡದಲ್ಲಿ ಕಾಗದ ಬರೆಯುವಂತಾದದ್ದು ಬಹುಮಟ್ಟಿಗೆ ಅದರಿಂದ. ಬಹುಕಾಲ ಉಚಿತವಾಗಿದ್ದು ಮುಂದೆ ಅದಕ್ಕೆ ಬೆಲೆ ಬಂದಿತು. ದುಡಿದವನು ಬೆಲೆ ಕೇಳುವುದನ್ನು ವರ್ತಕನಾದ ನಾನು ತಪ್ಪೆನ್ನಲಾರೆ. ಉಚಿತ ಬೇರೆ, ಮುಕ್ತ ಬೇರೆ ಎಂಬುದಕ್ಕೆ ಇದನ್ನು ನಿದರ್ಶನವಾಗಿ ಹೇಳಿದೆನಷ್ಟೆ. ಉಚಿತವೆಂಬುದು ಕೊಡುವವನ ಇಚ್ಛೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಘೋಷಿಸಿ, ೧೯೮೯ರಲ್ಲಿ ಪರವಾನಗಿಯ ರೂಪಕ್ಕೆ ತಂದ ಮುಕ್ತತೆ ಪಡೆದವನ ಹಕ್ಕು: ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು, ಪಡೆದವರಿಗೂ ಅದೇ ಹಕ್ಕನ್ನು ಕೊಡಬೇಕು. ಇಂತಹ ಪರವಾನಗಿಗಳಡಿ ಬಂದ 'ಗುಬ್ಬಿ' ಅಕ್ಷರವಿನ್ಯಾಸ ಕಡತಗಳಿಗೆ ಚೆನ್ನು. ಕೈಬರಹದಂತಿರುವ 'ನವಿಲು' ಆಮಂತ್ರಣಕ್ಕೆ ಸೊಗಸು, ಸ್ತೋತ್ರಕ್ಕೆ ಸಲ್ಲದು. 'ಲೋಹಿತ್' ಪರದೆಯ ಮೇಲೆ ಸ್ಪಷ್ಟವಾಗಿದ್ದರೂ ಕಾಗದದ ಮೇಲೆ ಬಡಕಲಾಗಿ ಕಾಣುತ್ತದೆ.

ಇಲ್ಲಿ ನನಗೆ ಮೂಡಬಿದಿರೆಯ ನೆನಪಾಗುತ್ತದೆ. ಷಟ್ಖಂಡಾಗಮದ ಧವಲಾ ಟೀಕೆಯ ಓಲೆಪ್ರತಿಗಳು ಅಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲೇಖನ ಆರಂಭವಾಯಿತು. ಲಿಪಿಕಾರರಾಗಿ ಬಂದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡಲಿಪಿಯ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಂದ ಹರಡಿದ ಪ್ರತಿಗಳ ಆಧಾರದಿಂದಲೇ ಡಾ. ಹೀರಾಲಾಲ್ ಜೈನ್ ಅವರು ೧೯೩೯ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಒಟ್ಟು ಹದಿನಾರು ಸಂಪುಟಗಳಾದವು. ಗುಟ್ಟಿನ ಮಾರ್ಗವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಕಾಪಾಡಿದವರನ್ನು ಹಳಿಯುವುದಂತೂ ಕೃತಘ್ನತೆಯಾದೀತು, ಏಕೆಂದರೆ ಅವರು ಕಾಯದಿದ್ದರೆ ನಕಲು ಮಾಡಲು ಮೂಲವೇ ಇರುತ್ತಿರಲಿಲ್ಲ. ನಮ್ಮದೇ ಆವರಣದಲ್ಲಿ ಕಾಯುವುದು, ಹೊರಗೆ ಪ್ರತಿ ಹೋಗಲು ಬಿಡುವುದು, ಈ ಎರಡರಲ್ಲಿ ಒಂದೇ ಇದ್ದಲ್ಲಿ ಗ್ರಂಥ ಉಳಿಯದು. ನಮ್ಮ ೨೦೦೩ರ ಕಡತಕ್ಕೆ ಮೊದಲನೆಯದು ಇತ್ತು, ಎರಡನೆಯದಕ್ಕೆ ಬೀಗವಿತ್ತು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ 'ತದಾಹೃತಾದಾನ' ಒಂದು: ಕದ್ದು ತಂದುದನ್ನು ಸ್ವೀಕರಿಸುವುದು. ನನ್ನ ಅಂಗಡಿಯ ಗಣಕಯಂತ್ರದಲ್ಲಿ ಎಷ್ಟೋ ವರ್ಷ ಇದ್ದದ್ದು ಪರವಾನಗಿಯಿಲ್ಲದ ವಿಂಡೋಸ್ ಪ್ರತಿ. ಯಂತ್ರ ಜೋಡಿಸಿಕೊಟ್ಟವನು ಹಾಕಿಕೊಟ್ಟನು, ನಾನು ಕೇಳಲಿಲ್ಲ; ತಕ್ಕಡಿಯ ತೂಕದಲ್ಲಿ ಒಂದು ಗುಲಗಂಜಿಗೂ ಲೆಕ್ಕವಿಡುವ ನಮ್ಮ ಮನೆತನಕ್ಕೆ ಅದು ಕಳವೆಂದು ತೋಚಲೇ ಇಲ್ಲ. ಎಷ್ಟು ಟ್ರಸ್ಟುಗಳ ಕಚೇರಿಗಳಲ್ಲಿ ಇದೇ ಸ್ಥಿತಿ ಇದೆಯೆಂದು ಆಯಾ ಪದಾಧಿಕಾರಿಗಳು ತಮ್ಮನ್ನೇ ಕೇಳಿಕೊಳ್ಳಲಿ.

೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಕೆಲವರಿಗೆ ಅಲ್ಪಕಾಲದ ವಿಸ್ತರಣೆ ಮಾತ್ರ. ವಿಂಡೋಸ್ ೧೧ ಬೇಕೆಂದರೆ ೨೦೧೭ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳನ್ನು ಅದು ಅಧಿಕೃತವಾಗಿ ಅಂಗೀಕರಿಸುವುದಿಲ್ಲ. ನಮ್ಮ ಟ್ರಸ್ಟಿನ ಸಭೆಯಲ್ಲಿ ಮೂರು ಹೊಸ ಯಂತ್ರಗಳ ಖರೀದಿಯ ಪ್ರಸ್ತಾಪ ಬಂದದ್ದು ಈ ಕಾರಣದಿಂದ. ಕೆಟ್ಟಿಲ್ಲದ ಯಂತ್ರವನ್ನು ಗುಜರಿಗೆ ಹಾಕುವುದೇಕೆಂದು ಕೇಳಿದೆ. ಸುಳ್ಯದಿಂದ ಗಡಿ ದಾಟಿದರೆ ಕಾಸರಗೋಡು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಮೇಲೆಯೇ ಕಲಿಯುತ್ತಾರೆ. ಕೇರಳದ ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಲ್ಲಿ ಮುಕ್ತ ತಂತ್ರಾಂಶ ಬಳಸಿದ್ದರಿಂದ ಸುಮಾರು ೩,೦೦೦ ಕೋಟಿ ರೂಪಾಯಿ ಉಳಿಯುವುದೆಂದು ಅಲ್ಲಿನ ಸರ್ಕಾರಿ ಸಂಸ್ಥೆ 'ಕೈಟ್' ೨೦೧೯ರಲ್ಲಿ ಅಂದಾಜು ಮಾಡಿತ್ತು. ಅಂದಾಜಿನ ಅರ್ಧವನ್ನು ಕಡಿದರೂ ಸಣ್ಣ ಮೊತ್ತವಲ್ಲ.

ಸಭೆ ಒಪ್ಪಿತು, ಅರೆಮನಸ್ಸಿನಿಂದ. ಹದಿಮೂರು ವರ್ಷ ಹಳೆಯ ಎರಡು ಯಂತ್ರಗಳಿಗೆ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದೆವು, ರ‍್ಯಾಮನ್ನು ನಾಲ್ಕು ಜಿಬಿಗೆ ಏರಿಸಿದೆವು, ಡೆಬಿಯನ್ ಲಿನಕ್ಸ್ ಕೂರಿಸಿದೆವು. ಒಂದರಲ್ಲಿ ಬೆರಳಚ್ಚು. ಇನ್ನೊಂದು ಕಚೇರಿಯ ಭಂಡಾರ: ಸಾಂಬಾ ಎಂಬ ಮುಕ್ತ ತಂತ್ರಾಂಶದ ಮೂಲಕ (ಹೆಸರಿಗೂ ಶಿವನಿಗೂ ಸಂಬಂಧವಿಲ್ಲ) ಕಡತಗಳು ಕಚೇರಿಯ ಒಳಗಿನ ತಂತಿಯಲ್ಲೇ ಎಲ್ಲರಿಗೂ ದೊರೆಯುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ಅಂತರ್ಜಾಲ ದಿನಗಟ್ಟಲೆ ಇಲ್ಲವಾದರೂ ದಾನಿಗಳ ಪಟ್ಟಿ ನಿಲ್ಲುವುದಿಲ್ಲ, ಆ ಪಟ್ಟಿ ಎಲ್ಲೋ ದೂರದ ಕಂಪನಿಯ ಯಂತ್ರದಲ್ಲಿಯೂ ಇಲ್ಲ.

ದೋಷಗಳನ್ನು ಮುಚ್ಚಿಡಲಾರೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಯಂತ್ರವೂ ಭಂಡಾರವೂ ಒಟ್ಟಿಗೆ ಸುಟ್ಟುಹೋಗಬಹುದು. ದೂರದ ಕಂಪನಿಯಲ್ಲಿ ಇಟ್ಟವರಿಗೆ ಆ ಭಯವಿಲ್ಲ. ನಮ್ಮ ಲೆಕ್ಕಪರಿಶೋಧಕರು ಟ್ಯಾಲಿಯ ಕಡತವನ್ನೇ ಕೇಳುತ್ತಾರೆ. ನಮ್ಮ ದೇಶದಲ್ಲಿಯೇ ರೂಪುಗೊಂಡ 'ಗ್ನೂಖಾತಾ' ಎಂಬ ಮುಕ್ತ ಲೆಕ್ಕಪತ್ರ ತಂತ್ರಾಂಶವಿದ್ದರೂ ಅದನ್ನು ತೋರಿಸಿದಾಗ ಅವರು ನಕ್ಕರು. ಆದ್ದರಿಂದ ಒಂದು ಯಂತ್ರ ಹಣ ಕೊಟ್ಟ ಪರವಾನಗಿಯೊಡನೆ ವಿಂಡೋಸಿನಲ್ಲಿಯೇ ಉಳಿದಿದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಮನುಷ್ಯನದು. ಇದನ್ನೆಲ್ಲ ಕೂರಿಸಿಕೊಟ್ಟ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಅವನು ಹೋಗುವ ಮುನ್ನ ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆಯಿಸಿಕೊಂಡೆ. ಅದು ಕಪಾಟಿನಲ್ಲಿ ರಸೀದಿ ಪುಸ್ತಕಗಳ ಪಕ್ಕದಲ್ಲಿದೆ. ಓದಿ ಅನುಸರಿಸಬಲ್ಲ ಇನ್ನೊಬ್ಬರನ್ನು ಹುಡುಕುತ್ತಿದ್ದೇವೆ.

೨೦೦೩ರ ಕಡತದ ವಿಷಯ: ಅದೇ ಹುಡುಗನು ಮುದ್ರಿತ ಪುಟಗಳನ್ನು ಎದುರಿಗಿಟ್ಟುಕೊಂಡು ಯಾವ ಚಿಹ್ನೆಗೆ ಯಾವ ಆಕಾರವೆಂದು ಪಟ್ಟಿ ಮಾಡಿದನು. ಮೂರು ವಾರಗಳಾದವು. ಅರ್ಕಾವತ್ತು ಮತ್ತು ಎರಡೆರಡು ಒತ್ತುಗಳಿರುವ ಕಡೆ ಪಾಠ ಅಡ್ಡಾದಿಡ್ಡಿಯಾಗಿತ್ತು. ನಾನು ಕನ್ನಡಕ ಏರಿಸಿಕೊಂಡು ತಿದ್ದಿದೆ. ಗೆದ್ದಲು ತಿಂದ ಅಂಚಿನ ಪದಗಳು ಕಡತದೊಳಗೆ ಪೂರ್ತಿಯಾಗಿ ಉಳಿದಿದ್ದವು. ಈಗ ಅದರ ಮೂರು ಪ್ರತಿಗಳಿವೆ. ಒಂದು ಕಚೇರಿಯಲ್ಲಿ, ಒಂದು ಬೆಳ್ಳಾರೆಯ ಟ್ರಸ್ಟಿಯೊಬ್ಬರ ಮನೆಯಲ್ಲಿ. ಮೂರನೆಯದನ್ನು ಕೇಳಿದ ಯಾರಿಗಾದರೂ ಪೆನ್ ಡ್ರೈವಿನಲ್ಲಿ ತುಂಬಿಕೊಡುತ್ತೇವೆ. ಪೆನ್ ಡ್ರೈವನ್ನು ಮಾತ್ರ ಅವರೇ ತರಬೇಕು.