ಷ್ನಿಟ್ಸ್‌ಲರನ 'ರೈಗನ್' ನಾಟಕದಲ್ಲಿ ಒಲವು ಮತ್ತು ನಷ್ಟ

ಆರ್ತುರ್ ಷ್ನಿಟ್ಸ್‌ಲರನು 1896-97ರಲ್ಲಿ ರಚಿಸಿದ 'ರೈಗನ್' (ಸುತ್ತುಕುಣಿತವೆಂದು ಅರ್ಥ) ನಾಟಕವನ್ನು ಇತಿಹಾಸದ ಅಭ್ಯಾಸಿಗಳು ವಿಯೆನ್ನಾ ನಗರದ ವರ್ಗಭೇದಗಳಿಗೆ ಸಾಕ್ಷ್ಯವೆಂದು ಓದುವುದುಂಟು. ಹತ್ತು ಸಂವಾದಗಳು, ಹತ್ತು ಪಾತ್ರಗಳು. ವೇಶ್ಯೆಯಿಂದ ಸೈನಿಕನಿಗೆ, ಅವನಿಂದ ಮನೆಗೆಲಸದವಳಿಗೆ, ಹೀಗೆ ಸಾಗುವ ಸರಪಳಿಯು ಕೊನೆಗೆ ಕೌಂಟನ ಮೂಲಕ ಅದೇ ವೇಶ್ಯೆಯಲ್ಲಿಗೆ ಮರಳುತ್ತದೆ. ಸಾಕ್ಷ್ಯವೇನೋ ನಿಜ, ಅಷ್ಟಕ್ಕೇ ನಿಂತರೆ ನಾಟಕದ ನೋವು ನಮಗೆ ದಕ್ಕದು.

ಪ್ರತಿಯೊಂದು ಪಾತ್ರವೂ ಎರಡು ದೃಶ್ಯಗಳಲ್ಲಿ ಬರುತ್ತದೆ. ಗಂಡನು ಹೆಂಡತಿಗೆ ದಾಂಪತ್ಯದ ಪಾವಿತ್ರ್ಯವನ್ನು ಬೋಧಿಸುವಾಗ, ಹಿಂದಿನ ದೃಶ್ಯದಲ್ಲಿ ಆಕೆ ತರುಣ ಪ್ರಿಯನ ಬಳಿಯಿದ್ದುದನ್ನು ನಾವು ಬಲ್ಲೆವು. ಮುಂದಿನ ದೃಶ್ಯದಲ್ಲಿ ಆ ಬೋಧಕನೇ ಭೋಜನಶಾಲೆಯೊಂದರ ಖಾಸಗಿ ಕೋಣೆಯಲ್ಲಿ ಬೇರೊಬ್ಬ ಹುಡುಗಿಯೊಡನೆ ಕುಳಿತಿರುತ್ತಾನೆ. ಕಳೆದುಹೋದುದೇನೆಂಬುದು ಪಾತ್ರಗಳಿಗೆ ತಿಳಿಯದು. ಅದರ ಲೆಕ್ಕವಿಡಬೇಕಾದವನು ಪ್ರೇಕ್ಷಕನೊಬ್ಬನೇ. ಬಿಡಿದೃಶ್ಯಗಳ ಈ ಜೋಡಣೆ ಸಾರ್ಥಕವಾಗಿರುವುದು ಇಲ್ಲಿಯೇ. ಕವಿಯ ದೃಶ್ಯಗಳು ಮಾತ್ರ ತುಸು ಲಂಬಿಸಿದಂತೆ ನಮಗೆ ತೋರುತ್ತವೆ.

1921ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿ ಗಲಭೆಯಾಯಿತು. ಅದೇ ವರ್ಷ ಬರ್ಲಿನ್ನಿನಲ್ಲಿ ಮೊಕದ್ದಮೆ ನಡೆದು ನಟರು ಖುಲಾಸೆಯಾದರು. ತರುವಾಯ ಲೇಖಕನೇ ವಿಧಿಸಿದ ಪ್ರದರ್ಶನನಿಷೇಧವು ಜರ್ಮನ್ ರಂಗಭೂಮಿಯಲ್ಲಿ 1982ರವರೆಗೂ ಉಳಿಯಿತು. ಅಶ್ಲೀಲವನ್ನು ಅರಸಿ ಬಂದವರು ಕೊನೆಯ ದೃಶ್ಯದವರೆಗೆ ಕುಳಿತಿದ್ದರೋ ಇಲ್ಲವೋ! ಮುಂಜಾವಿನಲ್ಲಿ ಎಚ್ಚೆತ್ತ ಕೌಂಟನು ರಾತ್ರಿ ಏನೂ ನಡೆದಿಲ್ಲವೆಂದು ನಂಬಬಯಸುತ್ತಾನೆ. ನಡೆದುದು ಆಕೆಯ ಮಾತಿನಿಂದಲೇ ತಿಳಿಯುತ್ತದೆ. ಆ ಕಣ್ಣುಗಳನ್ನಷ್ಟೇ ಚುಂಬಿಸಿದ್ದರೆ ಎಷ್ಟು ಚೆನ್ನಾಗಿತ್ತೆಂಬ ಕೊರಗಿನೊಡನೆ ಹೊರಡುತ್ತಾನೆ. ಬಾಗಿಲ ಬಳಿ ಅವನು ಹೇಳಿದ ರಾತ್ರಿಯ ವಂದನೆಗೆ ಕೆಲಸದವಳು ಬೆಳಗಿನ ವಂದನೆಯನ್ನು ಹಿಂದಿರುಗಿಸುತ್ತಾಳೆ.